ಸುಮಿ ಗಯೇಶಿ ಕಲಿಯುವ ಕ್ರಮ: ಬಿದ್ದು ಬೀಳಿಸುವ ಪಟ್ಟನ್ನು ಕೊನೆಯಿಂದ ಶುರು ಮಾಡಿ

ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸಿನಲ್ಲಿ ಹೊಸಬರು ಸುಮಿ ಗಯೇಶಿ (ತಾನು ಕೆಳಗೆ ಕೂತು, ಎದುರಾಳಿಯನ್ನು ಕಾಲಿನಿಂದ ಎತ್ತಿ ಭುಜದ ಮೇಲಿಂದ ಉರುಳಿಸುವ ಪಟ್ಟು) ಹಾಕಲು ಹೋದಾಗ ಸಾಮಾನ್ಯವಾಗಿ ಆಗುವುದು ಒಂದೇ. ಹಿಡಿತ ಸಿಕ್ಕಿದ ಕೂಡಲೇ ಹಿಂದಕ್ಕೆ ಬೀಳುತ್ತಾರೆ. ಎದುರಿಗಿದ್ದವರು ಬೀಳುವುದಿಲ್ಲ. ಅವರು ಎರಡು ಹೆಜ್ಜೆ ಮುಂದೆ ಬಂದು ಆರಾಮಾಗಿ ಗಾರ್ಡ್ ಪಾಸ್ ಮಾಡುತ್ತಾರೆ, ಅಂದರೆ ಬಿದ್ದವರ ಕಾಲುಗಳನ್ನು ದಾಟಿ ಮೇಲೆ ಬರುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ಬಿದ್ದವರು ಈ ಪಟ್ಟನ್ನೇ ಕೈಬಿಡುತ್ತಾರೆ.

ಸಂಜೆ ಕ್ಲಾಸಿನಲ್ಲಿ ಹೊಸಬರ ಜೊತೆ ಅಭ್ಯಾಸಕ್ಕೆ ನಿಲ್ಲುವುದು ನನ್ನ ಪಾಲಿನ ಕೆಲಸ. ಅಲ್ಲಿ ನನಗೆ ಕಂಡದ್ದು ಇಷ್ಟು. ಎಲ್ಲರೂ ಈ ಪಟ್ಟನ್ನು ನಿಂತ ಜಾಗದಿಂದ ಕಲಿಯಲು ಶುರು ಮಾಡುತ್ತಾರೆ. ಹಿಡಿತ, ಹೆಜ್ಜೆ, ಕೂರುವುದು, ಎತ್ತುವುದು, ಉರುಳುವುದು ಎಲ್ಲವೂ ಒಂದೇ ಸೆಕೆಂಡಿನಲ್ಲಿ ಬರಬೇಕು. ಯಾವುದೂ ಸರಿಯಾಗಿ ಬರುವುದಿಲ್ಲ. ಅದಕ್ಕೇ ಇಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಉರುಳುವುದು, ಆಮೇಲೆ ಎತ್ತುವುದು, ಆಮೇಲೆ ಕೂರುವುದು. ನಿಲ್ಲುವುದು ಎಲ್ಲಕ್ಕಿಂತ ಕೊನೆಗೆ.

ಕೆಳಗಿನ ವಿವರಣೆ ಎಲ್ಲ ಬಲಗಡೆಯ ಪಟ್ಟಿಗೆ. ನಿಮ್ಮ ಬಲಗಾಲು ಎತ್ತುತ್ತದೆ, ಜೊತೆಗಾರರು ನಿಮ್ಮ ಎಡ ಭುಜದ ಮೇಲಿಂದ ಹಾದು ಹೋಗುತ್ತಾರೆ. ಎಡಗೈಯವರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ.

ಶುರು ಮಾಡುವ ಮೊದಲು ಏನೇನು ಬೇಕು

ಮೊದಲನೆಯದು ನೆಲ. ಜೂಡೋಗೆ ಹಾಕುವ 4 ಸೆಂಟಿಮೀಟರ್ ದಪ್ಪದ ಮ್ಯಾಟ್ ಇರಲಿ. ಮನೆಯ ಟೈಲ್ಸ್ ಮೇಲೆ ಯೋಗ ಮ್ಯಾಟ್ ಹಾಸಿ ಇದನ್ನು ಮಾಡಬೇಡಿ. ಕೆಳಗೆ ಬೀಳುವುದು ನಿಮ್ಮೊಬ್ಬರ ಬೆನ್ನಲ್ಲ, ನಿಮ್ಮ ಜೊತೆಗಾರರ ಭುಜವೂ ಹೌದು. ನಿಂತು ಮಾಡುವ ಹಂತಕ್ಕೆ ದಪ್ಪನೆಯ ಕ್ರ್ಯಾಶ್ ಮ್ಯಾಟ್ ಒಂದು ಸಿಕ್ಕರೆ ತುಂಬಾ ಒಳ್ಳೆಯದು.

ಎರಡನೆಯದು ಜಾಗ. ಇಬ್ಬರೂ ಉರುಳಿದರೆ ನಿಮ್ಮ ಹಿಂದೆ ಸುಲಭವಾಗಿ ಮೂರು ಮೀಟರ್ ಬೇಕು. ಬೇರೆ ಜೋಡಿ, ಗೋಡೆ, ಕಂಬ ಯಾವುದೂ ಆ ಸಾಲಿನಲ್ಲಿ ಇರಬಾರದು. ನಿಮಗೆ ಹಿಂದೆ ಕಾಣುವುದಿಲ್ಲ. ಹಾಗಾಗಿ ಪ್ರತಿ ಸಲ ಮಾಡುವ ಮೊದಲು ತಿರುಗಿ ನೋಡಿ.

ಮೂರನೆಯದು ಜೊತೆಗಾರರು. ಹೆಚ್ಚು ಕಡಿಮೆ ನಿಮ್ಮದೇ ತೂಕ ಇರಲಿ, ಮುಂದಕ್ಕೆ ಉರುಳಿ ಬೀಳಲು ಚೆನ್ನಾಗಿ ಬರಬೇಕು. ಇವರೇ ಅತಿ ಮುಖ್ಯ. ಬೀಳಲು ಬಾರದವರ ಮೇಲೆ ಈ ಪಟ್ಟು ಅಭ್ಯಾಸ ಮಾಡಬಾರದು.

ಇನ್ನು ಗಿ (ಅಭ್ಯಾಸಕ್ಕೆ ಹಾಕುವ ದಪ್ಪ ಬಟ್ಟೆಯ ಉಡುಪು), ಮೌತ್‌ಗಾರ್ಡ್, ಕತ್ತರಿಸಿದ ಉಗುರು. ಜೊತೆಗೆ ನೆಲಕ್ಕೆ ಅಂಟಿಸಲು ಒಂದು ಬಿಳಿ ಟೇಪ್. ಅದರ ಉಪಯೋಗ ನಾಲ್ಕನೇ ಹಂತದಲ್ಲಿ ಬರುತ್ತದೆ. ಕತ್ತು, ಭುಜ ಅಥವಾ ಡಿಸ್ಕ್ ತೊಂದರೆ ಇರುವವರು ಮೊದಲು ಡಾಕ್ಟರ್ ಹತ್ತಿರ ಕೇಳಿ. ಕೋಚ್ ಇಲ್ಲದಾಗ ಮೊದಲ ಮೂರು ಹಂತ ದಾಟಿ ಮುಂದೆ ಹೋಗಬೇಡಿ.

ಹಂತ 1: ಇಬ್ಬರೂ ಬೀಳುವುದನ್ನು ಕಲಿಯಿರಿ

ನಿಮ್ಮ ಕೆಲಸ ಹಿಂದಕ್ಕೆ ಉರುಳುವುದು. ಕುಕ್ಕರಗಾಲಲ್ಲಿ ಕೂತು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಗದ್ದವನ್ನು ಎದೆಗೆ ಒತ್ತಿ. ಕಣ್ಣು ನಿಮ್ಮ ಬೆಲ್ಟಿನ ಗಂಟಿನ ಮೇಲಿರಲಿ. ಹಿಂದಕ್ಕೆ ಹೋಗುವಾಗ ತಲೆಯನ್ನು ಬಲಕ್ಕೆ ವಾಲಿಸಿ, ಬಲ ಕಿವಿ ಬಲ ಭುಜದ ಕಡೆ ಬರಬೇಕು. ಆಗ ಎಡ ಭುಜದ ಮೇಲೆ ದಾರಿ ತೆರೆಯುತ್ತದೆ. ಆ ಭುಜದ ಮೇಲಿಂದ ಉರುಳಿ ಮಂಡಿಯ ಮೇಲೆ ಬನ್ನಿ. ತಲೆಯ ಮೇಲಿಂದ ನೇರವಾಗಿ ಹೋಗಬಾರದು.

ಜೊತೆಗಾರರ ಕೆಲಸ ಬಲ ಭುಜದ ಮೇಲಿಂದ ಮುಂದಕ್ಕೆ ಉರುಳುವುದು. ಅವರಿಗೆ ಒಂದೇ ಒಂದು ನಿಯಮ: ನೆಲಕ್ಕೆ ಕೈ ಊರಬಾರದು. ಬೀಳುವಾಗ ಕೈ ಚಾಚಿ ತಡೆಯುವುದು ಎಲ್ಲರಿಗೂ ಹುಟ್ಟಿನಿಂದ ಬಂದ ಅಭ್ಯಾಸ. ಇಲ್ಲಿ ಅದೇ ಮಣಿಕಟ್ಟು, ಮೊಣಕೈ, ಕಾಲರ್ ಬೋನ್ ಮುರಿಯುವ ದಾರಿ.

ಪರೀಕ್ಷೆ ಹೀಗಿದೆ. ಒಂದು ಕರ್ಚೀಫ್ ಮಡಿಸಿ ಗದ್ದದ ಕೆಳಗೆ ಸಿಕ್ಕಿಸಿಕೊಂಡು ಉರುಳಿ. ಹತ್ತು ಸಲ ಉರುಳಿದರೂ ಅದು ಬೀಳದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಬಿದ್ದರೆ ಕತ್ತು ಸಡಿಲ ಇದೆ ಅಂತ ಅರ್ಥ, ಇನ್ನೊಂದು ವಾರ ಇಲ್ಲೇ ಇರಿ.

ಗರಡಿಯಿಂದ ಬಂದವರಿಗೆ ಒಂದು ಮಾತು. ಮೈಸೂರು, ದಾವಣಗೆರೆ ಕಡೆ ಮಟ್ಟಿಯಲ್ಲಿ ಕುಸ್ತಿ ಆಡಿದವರಿಗೆ ಬೆನ್ನು ಮಣ್ಣಿಗೆ ತಾಗಿತು ಅಂದರೆ ಚಿತ್, ಆಟ ಮುಗಿಯಿತು. ಹಾಗಾಗಿ ಅವರ ಮೈ ತಾನಾಗಿ ಬೆನ್ನು ಕೊಡಲು ಒಪ್ಪುವುದಿಲ್ಲ. ಕೂರುವ ಬದಲು ಪಕ್ಕಕ್ಕೆ ತಿರುಗಿಬಿಡುತ್ತಾರೆ. ಜಿಯು-ಜಿತ್ಸುವಿನಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ. ಈ ಮೊದಲ ಹಂತದಲ್ಲಿ ಅವರು ಬೇರೆಯವರಿಗಿಂತ ಜಾಸ್ತಿ ದಿನ ಇರಬೇಕು. ಆದರೆ ಮುಂದೆ ಹಿಡಿತ, ಎಳೆತ ಎಲ್ಲ ಅವರಿಗೆ ಬೇಗ ಬರುತ್ತದೆ.

ಹಂತ 2: ಕೂತಲ್ಲಿಂದ ಎತ್ತಿ

ಕೂತುಕೊಳ್ಳಿ. ಜೊತೆಗಾರರು ನಿಮ್ಮ ಮುಂದೆ ಮಂಡಿಯೂರಲಿ. ನಿಮ್ಮ ಬಲ ಪಾದದ ಮೇಲ್ಭಾಗವನ್ನು ಅವರ ಎಡ ತೊಡೆಯ ಒಳಗೆ, ಮಂಡಿಗಿಂತ ಸ್ವಲ್ಪ ಮೇಲೆ ಸೇರಿಸಿ. ಬಟರ್‌ಫ್ಲೈ ಹುಕ್ ಅಂತ ಕರೆಯುವುದು ಇದನ್ನೇ. ಕಾಲ್ಬೆರಳುಗಳನ್ನು ನಿಮ್ಮ ಕಡೆ ಎಳೆದುಕೊಳ್ಳಿ. ಪಾದ ಸಡಿಲವಾಗಿದ್ದರೆ ಹುಕ್ ಜಾರುತ್ತದೆ.

ಎಡಗೈಯಿಂದ ಅವರ ಬಲತೋಳಿನ ಬಟ್ಟೆಯನ್ನು ಮೊಣಕೈ ಹತ್ತಿರ ಹಿಡಿಯಿರಿ. ಬಲಗೈ ಅವರ ಎಡ ಭುಜದ ಮೇಲಿಂದ ಬೆನ್ನಿಗೆ ಹೋಗಲಿ. ಬೆಲ್ಟ್ ಸಿಕ್ಕರೆ ಬೆಲ್ಟ್, ಇಲ್ಲದಿದ್ದರೆ ಬೆನ್ನಿನ ಬಟ್ಟೆ ಒಂದು ಮುಷ್ಟಿ.

ಈಗ ಅವರನ್ನು ನಿಮ್ಮ ಮೇಲಕ್ಕೆ ಎಳೆದುಕೊಳ್ಳುತ್ತಾ ಹಿಂದಕ್ಕೆ ವಾಲಿ. ಅವರ ಎದೆ ನಿಮ್ಮ ಎದೆಯ ಮೇಲೆ ಬಂದ ಮೇಲೆ ಮಾತ್ರ ಬಲಗಾಲು ಎತ್ತಿ. ಒದೆಯಬೇಡಿ. ಮಡಿಸಿದ ಮಂಡಿಯನ್ನು ಚಾವಣಿ ಕಡೆ ನಿಧಾನವಾಗಿ ಬಿಚ್ಚಿ. ಅವರ ಎಡ ಮಂಡಿ ಮ್ಯಾಟ್ ಬಿಟ್ಟು ಮೇಲೇಳಬೇಕು.

ಸರಿಯಾದರೆ ತೂಕವೇ ಗೊತ್ತಾಗುವುದಿಲ್ಲ. ತೊಡೆ ನಡುಗುತ್ತಿದೆ, ಹಲ್ಲು ಕಚ್ಚಿ ಎತ್ತುತ್ತಿದ್ದೀರಿ ಅಂದರೆ ಅವರ ತೂಕ ಇನ್ನೂ ಅವರ ಮಂಡಿಯ ಮೇಲೇ ಇದೆ. ಆಗ ಕಾಲಿಗೆ ಶಕ್ತಿ ಹಾಕಿ ಉಪಯೋಗ ಇಲ್ಲ. ಕೈಯಿಂದ ಇನ್ನಷ್ಟು ಎಳೆಯಿರಿ. ಈ ಹಂತದಲ್ಲಿ ಬೀಳಿಸಬೇಡಿ. ಎತ್ತಿ, ಎರಡು ಸೆಕೆಂಡ್ ಹಿಡಿದು, ಇಳಿಸಿ. ಒಂದು ಕ್ಲಾಸಿನಲ್ಲಿ ಇಪ್ಪತ್ತು ಸಲ ಸಾಕು.

ಹಂತ 3: ಜೊತೆಯಲ್ಲೇ ಉರುಳಿ ಮೌಂಟ್‌ಗೆ (ಅವರ ಮೇಲೆ ಕೂರುವ ಸ್ಥಿತಿಗೆ) ಬನ್ನಿ

ಎರಡನೇ ಹಂತದ ಹಾಗೇ ಎತ್ತಿ, ಈ ಸಲ ಎಡ ಭುಜದ ಕಡೆಗೆ ಬಿಡಿ. ಅವರು ಬಲ ಭುಜದ ಮೇಲೆ ಉರುಳುತ್ತಾರೆ. ನೀವು ಅವರ ಹಿಂದೆಯೇ, ನಿಮ್ಮ ಎಡ ಭುಜದ ಮೇಲಿಂದ ಹೋಗಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಅವರು ಹಾರಿದ ಕೂಡಲೇ ಕೈ ಬಿಡುವುದು. ಕೈ ಬಿಟ್ಟರೆ ಅವರು ಒಂದು ಕಡೆ, ನೀವು ಒಂದು ಕಡೆ. ಇಬ್ಬರೂ ಎದ್ದು ಮತ್ತೆ ಮೊದಲಿಂದ ಶುರು. ಬೆನ್ನಿನ ಮೇಲಿನ ಬಲಗೈ ಹಿಡಿತ ಬಿಡಬೇಡಿ. ಅದು ನಿಮ್ಮನ್ನು ಎಳೆದುಕೊಂಡು ಹೋಗುವ ಹಗ್ಗ. ಅವರ ಶರೀರದ ಓಟವೇ ನಿಮ್ಮನ್ನು ಮೇಲಕ್ಕೆ ತರುತ್ತದೆ. ಹುಕ್ ಕೂಡ ಅವರ ತೊಡೆಗೆ ಅಂಟಿಕೊಂಡೇ ಇರಲಿ, ಅವರ ಬೆನ್ನು ನೆಲ ಮುಟ್ಟಿದ ಮೇಲೆ ತೆಗೆಯಿರಿ.

ಬಂದು ಕೂರುವಾಗ ಮಂಡಿಗಳು ಅವರ ಪಕ್ಕೆಯ ಎರಡೂ ಕಡೆ, ಸೊಂಟ ಕೆಳಗೆ. ಮೂರರವರೆಗೆ ಎಣಿಸಿ. ಇದು ಸುಮ್ನೆ ಹೇಳಿದ್ದಲ್ಲ. ಐಬಿಜೆಜೆಎಫ್ (ಬ್ರೆಜಿಲಿಯನ್ ಜಿಯು-ಜಿತ್ಸುವಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಟೇಕ್‌ಡೌನ್‌ಗೆ, ಅಂದರೆ ನಿಂತವರನ್ನು ಬೀಳಿಸಿದ್ದಕ್ಕೆ, 2 ಪಾಯಿಂಟ್, ಮೌಂಟ್‌ಗೆ 4. ಎರಡಕ್ಕೂ 3 ಸೆಕೆಂಡ್ ಹಿಡಿತ ಇರಬೇಕು. ಮೊದಲ ದಿನದಿಂದಲೇ ಎಣಿಸುವ ಅಭ್ಯಾಸ ಆದರೆ ಪಂದ್ಯದಲ್ಲಿ ಅವಸರ ಆಗುವುದಿಲ್ಲ.

ಹಂತ 4: ಕೂರುವ ಜಾಗ (ಟೇಪ್ ಅಭ್ಯಾಸ)

ಪಟ್ಟು ಕೆಡುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ.

ಹೊಸಬರು ಹಿಂದಕ್ಕೆ ಬೀಳುತ್ತಾರೆ. ಸುಮಿ ಗಯೇಶಿಯಲ್ಲಿ ಹಿಂದಕ್ಕೆ ಬೀಳುವುದೇ ಇಲ್ಲ. ಮುಂದಕ್ಕೆ ಹೆಜ್ಜೆ ಇಟ್ಟು ಎದುರಾಳಿಯ ಕೆಳಗೆ ಕೂರುವುದು. ಅವರ ತೂಕದ ಅಡಿಗೆ ನಿಮ್ಮ ಸೊಂಟ ಹೋಗಬೇಕು. ದೂರ ಕೂತರೆ ಅವರು ನಿಮ್ಮ ಮೇಲೆ ಬರುವ ಬದಲು ನಿಮ್ಮ ಮುಂದೆ ನಿಲ್ಲುತ್ತಾರೆ, ಅಷ್ಟೇ.

ಟೇಪ್ ಅಂಟಿಸಿ. ಜೊತೆಗಾರರು ಕಾಲು ಅಗಲಿಸಿ, ಸೊಂಟ ಬಗ್ಗಿಸಿ ನಿಲ್ಲಲಿ. ಅವರ ಎರಡು ಹಿಮ್ಮಡಿಗಳ ನಡುವೆ ಟೇಪಿನ ಗೆರೆ ಇರಲಿ. ನೀವು ಕುಕ್ಕರಗಾಲಲ್ಲಿ ಹಿಡಿತ ತೆಗೆದುಕೊಳ್ಳಿ. ಎಡಗಾಲನ್ನು ಅವರ ಕಾಲುಗಳ ನಡುವೆ ಇಡಿ, ಹೆಬ್ಬೆರಳು ಟೇಪ್ ಮುಟ್ಟಲಿ. ಈಗ ನಿಮ್ಮ ಎಡ ಹಿಮ್ಮಡಿಗೆ ಅಂಟಿಕೊಂಡ ಹಾಗೆ ಕೂತುಬಿಡಿ.

ಕೂತ ಮೇಲೆ ಜೊತೆಗಾರರು ನಿಲ್ಲಿಸಿ ನೋಡಲಿ. ಹಿಮ್ಮಡಿಗೂ ನಿಮ್ಮ ಅಂಡಿಗೂ ನಡುವೆ ಒಂದು ಅಂಗೈ ಜಾಗ ಇದ್ದರೆ ಪರವಾಗಿಲ್ಲ. ಒಂದು ಮೊಳ ಇದ್ದರೆ ಎದ್ದು ಮತ್ತೆ ಮಾಡಿ. ನಮ್ಮಲ್ಲಿ ಒಬ್ಬ ಹುಡುಗಿ ಎರಡು ತಿಂಗಳು ಒದ್ದಾಡಿದ್ದಳು. ಕಾಲಿಗೆ ಬಲ ಸಾಲದು ಅಂತ ಅವಳ ನಂಬಿಕೆ. ಟೇಪ್ ಹಾಕಿ ನೋಡಿದರೆ ಅವಳು ಪ್ರತಿ ಸಲ ಗೆರೆಯಿಂದ ಒಂದೂವರೆ ಮೊಳ ಹಿಂದೆ ಕೂರುತ್ತಿದ್ದಳು. ಕೂರುವ ಜಾಗ ಸರಿ ಮಾಡಿದ ದಿನವೇ ತನಗಿಂತ ಭಾರದವನನ್ನು ಮೆತ್ತಗೆ ಎತ್ತಿ ಉರುಳಿಸಿದಳು. ಕಾಲಿನ ಬಲ ಮೊದಲಿಂದಲೂ ಸಾಕಷ್ಟಿತ್ತು.

ಇನ್ನೊಂದು ಎಚ್ಚರ. ಕೂರುವುದು ಅವರ ಎರಡು ಕಾಲುಗಳ ನಡುವೆ. ಕಾಲಿನ ಪಕ್ಕದಲ್ಲಿ ಅಲ್ಲ. ಪಕ್ಕಕ್ಕೆ ಕೂತರೆ ನಿಮ್ಮ ತೂಕ ಅವರ ಮಂಡಿಯ ಹೊರಗಿನಿಂದ ಒಳಕ್ಕೆ ಬೀಳುತ್ತದೆ, ಮಂಡಿಯ ಲಿಗಮೆಂಟ್ ಹರಿಯುತ್ತದೆ. ತಾನಿ ಒತೊಶಿ ಅನ್ನುವ, ಎದುರಾಳಿಯ ಹಿಂದೆ ಕೂತು ಬೀಳಿಸುವ ಪಟ್ಟನ್ನು ಅರ್ಧಂಬರ್ಧ ಕಲಿತವರು ಮಾಡಿದಾಗ ಮಂಡಿ ಹೋಗುವುದು ಹೀಗೇ. ಕಾನಿ ಬಸಾಮಿ, ಅಂದರೆ ಕತ್ತರಿ ಕಾಲಿನ ಪಟ್ಟು, ಇನ್ನೂ ಅಪಾಯ. 1980ರಲ್ಲಿ ಆಲ್ ಜಪಾನ್ ತೂಕ ವರ್ಗದ ಜೂಡೋ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ಹೆಸರಾಂತ ಜೂಡೋ ಪಟು ಯಸುಹಿರೊ ಯಮಶಿತಾ ಅವರ ಕಾಲಿನ ಮೂಳೆ ಮುರಿದದ್ದು ಅದರಿಂದಲೇ. ಇವತ್ತು ಜೂಡೋದಲ್ಲೂ ಐಬಿಜೆಜೆಎಫ್ ಪಂದ್ಯಗಳಲ್ಲೂ ಅದಕ್ಕೆ ನಿಷೇಧ ಇದೆ. ಬಿದ್ದು ಬೀಳಿಸುವ ಪಟ್ಟುಗಳೆಲ್ಲ ಒಂದೇ ಜಾತಿ ಅಂದುಕೊಂಡು ವಿಡಿಯೋ ನೋಡಿ ಅದನ್ನು ಪ್ರಯೋಗ ಮಾಡಬೇಡಿ.

ಹಂತ 5: ನಿಂತು ಮಾಡುವುದು

ಈಗ ಎದ್ದು ನಿಲ್ಲಿ. ಹಿಡಿತ ಅದೇ. ನಿಮ್ಮ ತಲೆ ಅವರ ತಲೆಯ ಪಕ್ಕ, ಎದೆಗಳ ನಡುವೆ ಜಾಗ ಇಲ್ಲ. ಕೈ ಚಾಚಿ ದೂರದಿಂದ ಬೆಲ್ಟ್ ಹಿಡಿದರೆ ಅವರು ನಿಮ್ಮ ಕಂಕುಳ ಕೆಳಗೆ ನುಸುಳಿ ಬೆನ್ನಿಗೆ ಬರುತ್ತಾರೆ.

ಐದು ಎಣಿಕೆಯಲ್ಲಿ ಮಾಡಿ: ಹಿಡಿ, ಎಳೆ, ಹೆಜ್ಜೆ, ಕೂರು, ಎತ್ತು. ಮೊದಲ ವಾರ ಪ್ರತಿ ಎಣಿಕೆಯ ನಂತರ ನಿಲ್ಲಿಸಿ. ಎರಡನೇ ವಾರ ಕೊನೆಯ ಮೂರನ್ನು ಒಂದೇ ಉಸಿರಿಗೆ ಮಾಡಿ. ಹೆಜ್ಜೆ ಮತ್ತು ಕೂರುವುದರ ನಡುವೆ ತಡ ಆದರೆ ಎದುರಾಳಿಗೆ ಗೊತ್ತಾಗಿ ಸೊಂಟ ಹಿಂದೆ ಎಳೆದುಕೊಳ್ಳುತ್ತಾರೆ.

ಹುಕ್ ಯಾವಾಗ ಹಾಕಬೇಕು ಅಂತ ತುಂಬಾ ಜನ ಕೇಳುತ್ತಾರೆ. ಕೂರುತ್ತಿರುವಾಗಲೇ ಹಾಕಬೇಕು. ನಿಂತಾಗಲೇ ಬಲಗಾಲು ಎತ್ತಿದರೆ ಒಂಟಿ ಕಾಲಲ್ಲಿ ಸಿಕ್ಕಿಬೀಳುತ್ತೀರಿ. ಕೂತು ಆದ ಮೇಲೆ ಹಾಕಲು ಹೋದರೆ ಅವರ ತೂಕ ಆಗಲೇ ನಿಮ್ಮ ತೊಡೆಯ ಮೇಲಿರುತ್ತದೆ, ಕಾಲು ಒಳಗೆ ಹೋಗುವುದಿಲ್ಲ.

ತೋಳಿನ ಹಿಡಿತದ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಕಲಿಯುವ ದಿನಗಳಲ್ಲಿ ಒಂದು ಸಲ ಎತ್ತುವ ಹೊತ್ತಿಗೆ ಎಡಗೈ ಹಿಡಿತ ಜಾರಿತು. ಗೆಳೆಯ ಗಾಳಿಯಲ್ಲಿದ್ದ. ಬಿಡುವಾದ ಕೈಯನ್ನು ನೆಲಕ್ಕೆ ಊರಿದ. ಟಕ್ ಅಂತ ಸದ್ದು ನನಗೂ ಕೇಳಿಸಿತು. ಮೂರು ವಾರ ಅವನಿಗೆ ಎಡಗೈಯಲ್ಲೇ ಊಟ. ಅವತ್ತಿಂದ ನನ್ನದು ಒಂದೇ ನಿಯಮ: ತೋಳು ಜಾರಿತು ಅಂತ ಅನಿಸಿದರೆ ಎತ್ತುವುದಿಲ್ಲ, ಹುಕ್ ತೆಗೆದು ಸುಮ್ನೆ ಕೂತುಬಿಡುತ್ತೇನೆ. ನೀವೂ ಹಾಗೇ ಮಾಡಿ.

ಹಂತ 6: ಯಾವಾಗ ಹಾಕಬೇಕು

ನೆಟ್ಟಗೆ ನಿಂತವರ ಮೇಲೆ ಈ ಪಟ್ಟು ನಡೆಯುವುದಿಲ್ಲ. ಬಗ್ಗಿ ನಿಂತು, ಮುಂದಕ್ಕೆ ತಳ್ಳುವವರ ಮೇಲೆ ನಡೆಯುತ್ತದೆ. ಜಿಯು-ಜಿತ್ಸುವಿನಲ್ಲಿ ಕಾಲು ಹಿಡಿಯುತ್ತಾರೆ ಅನ್ನುವ ಭಯಕ್ಕೆ ತುಂಬಾ ಜನ ಸೊಂಟ ಹಿಂದೆ ಇಟ್ಟು ಬಗ್ಗಿಯೇ ನಿಲ್ಲುತ್ತಾರೆ. ಹಾಗಾಗಿ ನಮ್ಮಲ್ಲಿ ಇದಕ್ಕೆ ಅವಕಾಶ ಜಾಸ್ತಿ.

ಎರಡು ಗುರುತು ನೋಡಿ. ಒಂದು, ಅವರ ಎರಡೂ ಪಾದ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿರಬೇಕು. ಒಂದು ಕಾಲು ಮುಂದಿದ್ದರೆ ಅದು ಊರುಗೋಲಿನ ಹಾಗೆ ಅವರನ್ನು ತಡೆಯುತ್ತದೆ. ಎರಡು, ಅವರ ಹಿಮ್ಮಡಿ ಹಗುರಾಗಿರಬೇಕು. ಹಿಮ್ಮಡಿ ಮ್ಯಾಟ್‌ನಿಂದ ಒಂದು ಕಾಗದ ತೂರುವಷ್ಟು ಎದ್ದಿದೆ ಅಂದರೆ ತೂಕ ಮುಂದಿದೆ.

ಗುರುತು ತಾನಾಗಿ ಬರದಿದ್ದರೆ ತರಿಸಿ. ಅವರ ಕತ್ತಿನ ಹಿಂದಿನ ಕಾಲರ್ ಹಿಡಿದು ಒಂದು ಸಲ ಜೋರಾಗಿ ಕೆಳಕ್ಕೆ ಎಳೆದು ಸಡಿಲ ಬಿಡಿ. ಅವರು ತಲೆ ಎತ್ತಲು ನೋಡುತ್ತಾರೆ. ಎರಡನೇ ಸಲ ಎಳೆದಾಗ ಬಗ್ಗಿಯೇ ಉಳಿದು, ನಿಮ್ಮನ್ನು ತಳ್ಳಲು ಶುರು ಮಾಡುತ್ತಾರೆ. ಆ ತಳ್ಳುವಿಕೆಯೇ ನಿಮಗೆ ಬೇಕಾದದ್ದು. ಆಗ ಬಲಗೈ ಬೆನ್ನಿಗೆ ಹೋಗಲಿ. ತಳ್ಳುವವರ ಕೆಳಗೆ ಕೂರುವುದು ಎಷ್ಟು ಸುಲಭ ಅಂತ ಒಂದು ಸಲ ಗೊತ್ತಾದರೆ, ನೆಟ್ಟಗೆ ನಿಂತವರ ಮೇಲೆ ಮತ್ತೆ ಪ್ರಯತ್ನ ಮಾಡುವುದೇ ಇಲ್ಲ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಜೊತೆಗಾರರ ತಲೆ ನಿಮ್ಮ ಕಂಕುಳಲ್ಲಿ ಸಿಕ್ಕಿಕೊಂಡಿದ್ದರೆ ಎತ್ತಬೇಡಿ. ಗಿಲೊಟಿನ್ (ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕತ್ತು ಹಿಸುಕುವ ಹಿಡಿತ) ಹಿಡಿದುಕೊಂಡೇ ಈ ಪಟ್ಟು ಹಾಕುವವರನ್ನು ನೋಡಿದ್ದೇನೆ. ತಲೆ ಬಿಡುವಾಗಿ ಇಲ್ಲದಿದ್ದರೆ ಅವರ ಪೂರ್ತಿ ತೂಕ ಕತ್ತಿನ ಮೇಲೆ ಬೀಳುತ್ತದೆ. ಎರಡೂ ಕೈ ಸಿಕ್ಕಿಹಾಕಿಕೊಂಡಿದ್ದರೂ ಅಷ್ಟೇ, ಉರುಳಲು ಅವರಿಗೆ ದಾರಿ ಇರುವುದಿಲ್ಲ.

ನಿಮ್ಮ ತಲೆಯ ಹಿಂಭಾಗ ಮ್ಯಾಟ್‌ಗೆ ತಾಗುತ್ತಿದ್ದರೆ ಅವತ್ತಿಗೆ ನಿಲ್ಲಿಸಿ ಒಂದನೇ ಹಂತಕ್ಕೆ ಹೋಗಿ. ಸುಸ್ತಾದಾಗ ಮೊದಲು ಸಡಿಲ ಆಗುವುದು ಗದ್ದ. ಅದಕ್ಕೇ ಈ ಅಭ್ಯಾಸ ಕ್ಲಾಸಿನ ಮೊದಲ ಅರ್ಧದಲ್ಲೇ ಇರಲಿ.

ಬಿದ್ದ ಮೇಲೆ ಕೈ ಜುಮ್ ಅಂದರೆ, ಬೆರಳು ಮರಗಟ್ಟಿದರೆ, ಕತ್ತಿನ ಮಧ್ಯದಲ್ಲಿ ನೋವಿದ್ದರೆ ಅವರನ್ನು ಎಬ್ಬಿಸಬೇಡಿ, ಅಲುಗಾಡಿಸಬೇಡಿ. 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಂಪರು ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದು ರಾತ್ರಿ ಮಲಗಿ ನೋಡೋಣ ಅಂತ ಕಾಯಬೇಡಿ.

ಹಂತ 7: ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾಳಗದಲ್ಲಿ), ಅದರಲ್ಲೂ ಪಟ್ಟು ಕೈಕೊಟ್ಟಾಗ

ಮೊದಲ ಕೆಲವು ಸಲ ಜೊತೆಗಾರರಿಗೆ ಮೊದಲೇ ಹೇಳಿ: "ಇವತ್ತು ಸುಮಿ ಗಯೇಶಿ ಪ್ರಯತ್ನ ಮಾಡ್ತೀನಿ, ಕೈ ಊರಬೇಡಿ." ಹೇಳಿದರೆ ಅವರು ತಡೆಯುತ್ತಾರೆ, ನಿಜ. ತಡೆದರೂ ನಡೆಯುವ ಹಾಗೆ ಕಲಿಯಬೇಕು, ಅಲ್ವಾ? ಹೊಸದಾಗಿ ಸೇರಿದವರ ಮೇಲೆ ಮಾತ್ರ ಹಾಕಬೇಡಿ. ಅವರಿಗೆ ಉರುಳಲು ಬರುವುದಿಲ್ಲ.

ಪಟ್ಟು ಕೈಕೊಡುತ್ತದೆ. ಶುರುವಿನಲ್ಲಿ ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ. ಆಗ ಏನು ಮಾಡಬೇಕು ಅನ್ನುವುದನ್ನೂ ಅಭ್ಯಾಸ ಮಾಡಿ. ಅವರು ಹಾರಲಿಲ್ಲ ಅಂತ ಗೊತ್ತಾದ ಕ್ಷಣ ಬೆನ್ನ ಮೇಲೆ ಮಲಗಿರಬೇಡಿ. ಹುಕ್ ಬಿಡದೆ ಎದ್ದು ಕೂತುಕೊಳ್ಳಿ, ಹಣೆಯನ್ನು ಅವರ ಎದೆಗೆ ಒತ್ತಿ. ಬೆನ್ನ ಮೇಲಿದ್ದ ಬಲಗೈಯನ್ನು ಅವರ ಎಡ ಕಂಕುಳ ಕೆಳಗೆ ತನ್ನಿ. ಈಗ ನೀವು ಬಟರ್‌ಫ್ಲೈ ಗಾರ್ಡ್‌ನಲ್ಲಿದ್ದೀರಿ, ಎರಡನೇ ಹಂತದಲ್ಲಿ ಕೂತಿದ್ದ ಜಾಗದಲ್ಲೇ. ಅಲ್ಲಿಂದ ಎತ್ತುವುದು ನಿಮಗೆ ಆಗಲೇ ಗೊತ್ತು. ಅವರು ನಿಮ್ಮನ್ನು ಹಿಂದಕ್ಕೆ ಒತ್ತಲು ಮುಂದೆ ಬಂದರೆ ಅದೇ ಹುಕ್, ಅದೇ ತೋಳು, ಅದೇ ಎಡ ಭುಜ. ಹಿಂದೆ ಸರಿದರೆ ನೀವು ಎದ್ದು ನಿಂತು ಮತ್ತೆ ಕಾಲರ್ ಹಿಡಿಯಿರಿ.

ಗಿ ಇಲ್ಲದೆ ಆಡುವವರು ಬೆಲ್ಟ್ ಬದಲು ಶುರುವಿನಿಂದಲೇ ಬಲಗೈ ಅಂಡರ್‌ಹುಕ್ ಹಾಕಿ, ಅಂದರೆ ಅವರ ಎಡ ಕಂಕುಳ ಕೆಳಗಿಂದ ಕೈ ತೂರಿಸಿ, ಅಂಗೈಯಿಂದ ಅವರ ಬೆನ್ನ ರೆಕ್ಕೆ ಮೂಳೆಯನ್ನು ಹಿಡಿದುಕೊಳ್ಳಿ. ಎಡಗೈಯಿಂದ ಅವರ ಬಲ ಮೊಣಕೈಯ ಮೇಲ್ಭಾಗ ಹಿಡಿಯಿರಿ, ಮಣಿಕಟ್ಟು ಬೇಡ. ಬೆವರಿಗೆ ಮಣಿಕಟ್ಟು ಮೊದಲು ಜಾರುತ್ತದೆ.